ರೊಕ್ಕ ಕಡಿಮೆ, ಹೊತ್ತು ಹೆಚ್ಚು

ಊಟ-ವಸತಿಯ ಹೊಣೆ ಹೊತ್ತ ತಾವರಗೇರಾದ ಗೆಳೆಯರೇ, ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯಿಂದ ಬಸ್ಸು ಹಿಡಿದು ಬಂದ ಹುಡುಗ ಹುಡುಗಿಯರೇ,

ಸ್ವತಂತ್ರವಾಗಿ ಸಿನಿಮಾ ಮಾಡಹೊರಟವರ ಈ ಸಮಾವೇಶಕ್ಕೆ ಅಧ್ಯಕ್ಷನಾಗೆಂದು ಕರೆದಿದ್ದೀರಿ. ನಾನು ನಿರ್ದೇಶಕನಲ್ಲ. ಕಿವಿಗೆ ಹೆಡ್‌ಫೋನ್ ಹಚ್ಚಿಕೊಂಡು ಮೂಲೆಯಲ್ಲಿ ಕೂತು ಧ್ವನಿ ಹಿಡಿಯುವವನು. ಚಿತ್ರೀಕರಣದ ಜಾಗದಲ್ಲಿ ನನ್ನ ಕಡೆ ಯಾರೂ ನೋಡುವುದಿಲ್ಲ. ಆದರೆ ರೊಕ್ಕ ಎಲ್ಲಿ ಸೋರುತ್ತದೆ ಎಂಬುದು ಅಲ್ಲಿ ಕೂತವನಿಗೆ ಚೆನ್ನಾಗಿ ಕಾಣುತ್ತದೆ.

ಬೆಳಿಗ್ಗೆ ಚಹಾ ಕುಡಿಯುವಾಗ ನಾಲ್ಕಾರು ಜನ ಒಂದೇ ಪ್ರಶ್ನೆ ಕೇಳಿದರು: "ಸರ್, ಯಾವ ಕ್ಯಾಮೆರಾ ತೊಗೊಳ್ಳೋದು ಚಲೋರಿ?" ನಿಮ್ಮ ಕಿಸೆಯಲ್ಲಿರುವುದೇ ಸಾಕು. ಅಮೆರಿಕದ ಶಾನ್ ಬೇಕರ್ 2015ರ 'ಟ್ಯಾಂಜರಿನ್' ಚಿತ್ರವನ್ನು ಐಫೋನ್ 5ಎಸ್‌ನಲ್ಲಿ ತೆಗೆದರು. ಇವತ್ತು ನಿಮ್ಮಲ್ಲಿ ಅನೇಕರ ಕೈಯಲ್ಲಿ ಅದಕ್ಕಿಂತ ಒಳ್ಳೆಯ ಫೋನಿದೆ. ಫೋಕಸ್ಸು, ಬೆಳಕಿನ ಪ್ರಮಾಣ ಎರಡನ್ನೂ ಲಾಕ್ ಮಾಡಿ, ಇಲ್ಲದಿದ್ದರೆ ಮುಖದ ಮೇಲಿನ ಬೆಳಕು ಉಸಿರಾಡಿದಂತೆ ಏರಿಳಿಯುತ್ತದೆ. ನಮ್ಮ ಕರೆಂಟು 50 ಹರ್ಟ್ಸ್‌ನದು. ಹಾಗಾಗಿ ಸೆಕೆಂಡಿಗೆ 25 ಫ್ರೇಮು, ಷಟರ್ ಐವತ್ತರಲ್ಲೊಂದು ಇಟ್ಟುಕೊಂಡರೆ ಎಲ್‌ಇಡಿ ಬಲ್ಬಿನ ಮಿಣುಕು ಬಹುಮಟ್ಟಿಗೆ ತಪ್ಪುತ್ತದೆ. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ. ಕ್ಯಾಮೆರಾದ ಮಾತು ಇಷ್ಟು ಸಾಕು.

ನಿಮ್ಮ ಬಂಡವಾಳ ಇರುವುದು ಬೇರೆಡೆ, ನಿಮ್ಮ ಊರು, ನಿಮ್ಮ ಜನರಲ್ಲಿ. ಯರೇಹಂಚಿನಾಳ ನಮ್ಮದೇ ಕೊಪ್ಪಳ ಜಿಲ್ಲೆಯ ಊರು. ಅಲ್ಲಿ ನಡೆಯುವ ಕಥೆಯನ್ನು, ವೃತ್ತಿ ನಟರಲ್ಲದವರನ್ನು ಇಟ್ಟುಕೊಂಡು, ಜೈಶಂಕರ್ ಆರ್ಯರ್ 'ಶಿವಮ್ಮ ಯರೇಹಂಚಿನಾಳ' ಎಂದು ಸಿನಿಮಾ ಮಾಡಿದರು. ಸಾಲಿಯಲ್ಲಿ ಅಡುಗೆ ಮಾಡುವ ಹೆಣ್ಣುಮಗಳೊಬ್ಬಳು ಬಡತನ ನೀಗಲೆಂದು ನೆಟ್‌ವರ್ಕ್ ಮಾರ್ಕೆಟಿಂಗ್ ಜಾಲಕ್ಕೆ ಬೀಳುವ ಕಥೆ. ಅಂಥ ಶಿವಮ್ಮ ಇಲ್ಲದ ಓಣಿ ನಮ್ಮಲ್ಲಿ ಯಾವುದಿದೆ ಹೇಳಿ! ಶರಣಮ್ಮ ಚೆಟ್ಟಿಯವರು ಆ ಪಾತ್ರ ಮಾಡಿದರು. 2022ರಲ್ಲಿ ದಕ್ಷಿಣ ಕೊರಿಯಾದ ಬುಸಾನ್ ಚಿತ್ರೋತ್ಸವದಲ್ಲಿ ಅದಕ್ಕೆ 'ನ್ಯೂ ಕರೆಂಟ್ಸ್' ಪ್ರಶಸ್ತಿ ಬಂತು. ಆದರೆ ನಮ್ಮ ಥಿಯೇಟರಿಗೆ ಬಂದದ್ದು 2024ರ ಜೂನಿನಲ್ಲಿ. ನಡುವಿನ ಆ ಅಂತರವನ್ನೂ ನೆನಪಿಡಿ, ಮುಂದೆ ಅದಕ್ಕೆ ಬರುತ್ತೇನೆ.

ರೊಕ್ಕವಿದ್ದವರು ಹೊತ್ತು ಉಳಿಸಲು ರೊಕ್ಕ ಸುರಿಯುತ್ತಾರೆ. ನಟನ ಡೇಟು, ಬಾಡಿಗೆ ಲೈಟು, ಹೋಟೆಲ್ ರೂಮು ಎಲ್ಲಕ್ಕೂ ದಿನದ ಲೆಕ್ಕ. ನಿಮ್ಮಲ್ಲಿ ರೊಕ್ಕವಿಲ್ಲ, ಹೊತ್ತಿದೆ. ಅದನ್ನೇ ಧಾರಾಳವಾಗಿ ಖರ್ಚು ಮಾಡಿ. ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನ 'ತಿಥಿ' ಸಿನಿಮಾವನ್ನೇ ನೋಡಿ. ಅದರ ಕಥೆ ಬರೆದ ಈರೇಗೌಡರು ಆ ನೆಲ ಬಲ್ಲವರು. ಅವರೂ ನಿರ್ದೇಶಕ ರಾಮ್ ರೆಡ್ಡಿಯವರೂ ಊರಿನ ಜನರನ್ನು ನೋಡಿಕೊಂಡು ಪಾತ್ರ ಕಟ್ಟಿದರು. ಬರೆದಿಟ್ಟ ಪಾತ್ರಕ್ಕೆ ಮನುಷ್ಯನನ್ನು ಹುಡುಕುವುದಕ್ಕಿಂತ ಮನುಷ್ಯನಿಗೆ ತಕ್ಕಂತೆ ಪಾತ್ರ ಬರೆಯುವುದು ಅಗ್ಗ, ಚಂದವೂ ಹೌದು. 2015ರಲ್ಲಿ ಆ ಚಿತ್ರ ಲೊಕಾರ್ನೊ ಚಿತ್ರೋತ್ಸವದಲ್ಲಿ ಎರಡು ಪ್ರಶಸ್ತಿ ಗೆದ್ದಿತು.

ನಟರ ವಿಷಯಕ್ಕೆ ಒಂದು ಎಚ್ಚರಿಕೆ. ನಮ್ಮ ಕಡೆ ಜಾತ್ರೆ ಬಂತೆಂದರೆ ನಾಟಕ ಇದ್ದೇ ಇರುತ್ತದೆ. ಊರಿಗೊಬ್ಬ ಹೀರೋ, ಒಬ್ಬ ಖಳನಾಯಕ, ಒಬ್ಬ ಪೇಟಿ ಮಾಸ್ತರ. ನೀವು ನೆಟ್ಟಗೆ ಆ ಹೀರೋನ ಮನೆಗೆ ಹೋಗುತ್ತೀರಿ. ಹೋಗಬೇಡಿ. ಕಟ್ಟಕಡೆಯ ಸಾಲಿನಲ್ಲಿ ಕೂತವನಿಗೂ ಮುಟ್ಟಲೆಂದು ವರ್ಷಗಟ್ಟಲೆ ಪಳಗಿಸಿದ ದನಿ ಅವನದು. ಒಂದು ಮೊಳ ದೂರದ ಮೈಕಿಗೆ ಅದು ಹಿಡಿಸದು. ಅದೇ ನಾಟಕದಲ್ಲಿ ಪರದೆ ಎಳೆಯುವವನನ್ನು, ಮಾತು ಮರೆತಾಗ ಮರೆಯಿಂದ ಹೇಳಿಕೊಡುವವನನ್ನು ಮಾತಾಡಿಸಿ. ಎಲ್ಲ ಪಾತ್ರಗಳೂ ಅವನಿಗೆ ಬಾಯಿಪಾಠ, ಆದರೆ ರಂಗದ ಗತ್ತು ಮೈಗೆ ಹತ್ತಿರುವುದಿಲ್ಲ.

ನಾನು ಧ್ವನಿ ಹಿಡಿದ ಒಂದು ಚಿತ್ರದಲ್ಲಿ ಮುದುಕಿಯೊಬ್ಬಳಿಗೆ ಒಲೆ ಮುಂದೆ ಕೂತು ರೊಟ್ಟಿ ಬಡಿಯುತ್ತ ಮಗನಿಗೆ ಬಯ್ಯುವ ದೃಶ್ಯವಿತ್ತು. ಮೊದಲ ಟೇಕು ಅದ್ಭುತ. ಹೊರಗೆ ಟ್ರ್ಯಾಕ್ಟರ್ ಹಾಯ್ದದ್ದರಿಂದ ಇನ್ನೊಮ್ಮೆ ಎಂದೆವು. "ಆಗಳೆ ಬೈದೀನಲ್ಲ, ಮತ್ತ್ಯಾಕ? ಅಂವಾ ಈಗ ಏನ್ ಮಾಡ್ಯಾನ?" ಎಂದಳು. ಯಾವ ಅಭಿನಯ ಶಾಲೆಯೂ ಇಷ್ಟು ಸರಿಯಾದ ಪ್ರಶ್ನೆ ಕೇಳದು. ನಿರ್ದೇಶಕ ಜಾಣ. ಮಗನ ಪಾತ್ರದವನಿಗೆ ಹಿಟ್ಟಿನ ಪರಾತ ಕಾಲಿನಿಂದ ತುಸು ಸರಿಸಲು ಹೇಳಿದ. ಎರಡನೇ ಬೈಗುಳ ಮೊದಲಿನದಕ್ಕಿಂತ ಖಾರವಾಗಿ ಬಂತು. ಬರೆದ ಮಾತಿನ ಒಂದಕ್ಷರವೂ ಅದರಲ್ಲಿರಲಿಲ್ಲ. ಅದನ್ನೇ ಇಟ್ಟುಕೊಂಡೆವು.

ಹೀಗೆ ನಟಿಸಲು ಬರುವ ಊರವರಿಗೆ ಕೂಲಿ ಕೊಡಿ. "ನಮ್ಮೂರವರೇ, ಪ್ರೀತಿಯಿಂದ ಬಂದಾರ" ಎನ್ನುವ ಮಾತು ನನಗೆ ಸೇರದು. ಹೊಲಕ್ಕೆ ಹೋಗಿದ್ದರೆ ಸಿಗುತ್ತಿದ್ದ ದಿನಗೂಲಿಗಿಂತ ಒಂದು ರೂಪಾಯಿಯೂ ಕಡಿಮೆ ಆಗಬಾರದು, ಅದೂ ಅವತ್ತೇ ಸಂಜೆ ಕೈಗೆ ಬೀಳಬೇಕು. ಊಟದಲ್ಲಿ ಕೈ ಹಿಡಿಯಬೇಡಿ. ಬಿಸಿ ರೊಟ್ಟಿ, ಮುಳಗಾಯಿ ಪಲ್ಯ, ಶೇಂಗಾ ಚಟ್ನಿ ಇದ್ದರೆ ಯಾರೂ ಗೊಣಗರು, ಬರೀ ಮಂಡಕ್ಕಿ ಮಿರ್ಚಿಯಲ್ಲಿ ದಿನ ತಳ್ಳಿದರೆ ಮೂರನೇ ದಿನಕ್ಕೆ ಅರ್ಧ ಮಂದಿ ನಾಪತ್ತೆ. ಇನ್ನೊಂದು, ಗುಳೆ. ಸುಗ್ಗಿ ಮುಗಿದ ಮೇಲೆ ದುಡಿಯುವ ವಯಸ್ಸಿನವರು ಬೆಂಗಳೂರು, ಗೋವಾ, ಮಂಗಳೂರಿನ ಕಟ್ಟಡದ ಕೆಲಸಕ್ಕೆ ಹೊರಡುತ್ತಾರೆ. ಬೇಸಿಗೆಗೆ ಚಿತ್ರೀಕರಣ ಇಟ್ಟರೆ ನಿಮ್ಮ ನಾಯಕ ಯಾವುದೋ ಊರಲ್ಲಿ ಸೆಂಟ್ರಿಂಗ್ ಹೊಡೆಯುತ್ತಿರುತ್ತಾನೆ. ಊರಲ್ಲಿ ಉಳಿಯುವವರು ಮುದುಕರು, ಮಕ್ಕಳು. ಕಥೆಯನ್ನು ಅವರ ಸುತ್ತ ಹೆಣೆದರೆ ಡೇಟಿನ ತಾಪತ್ರಯ ನೀಗುತ್ತದೆ. ಬೀಗ ಹಾಕಿದ ಮನೆಗಳ ಸಾಲು ಪುಕ್ಕಟೆ ಸಿಗುತ್ತದೆ. ಹಾಗೆ ನೋಡಿದರೆ ಬರೆಯಬೇಕಾದ ಕಥೆಯೂ ಅದೇ.

ಚಿತ್ರೀಕರಣ ತಿಂಗಳುಗಟ್ಟಲೆ ಎಳೆಯುವುದಾದರೆ ಮಕ್ಕಳು ಬೆಳೆಯುತ್ತಾರೆ, ಗಂಡಸರು ಹರಕೆ ಎಂದು ತಲೆ ಬೋಳಿಸಿಕೊಂಡು ಬರುತ್ತಾರೆ. 'ಪಥೇರ್ ಪಾಂಚಾಲಿ' ನಿಂತು ನಿಂತು ವರ್ಷಗಟ್ಟಲೆ ನಡೆದ ಚಿತ್ರೀಕರಣ. ಹುಡುಗನ ದನಿ ಒಡೆಯಲಿಲ್ಲ, ಹುಡುಗಿ ಬೆಳೆದುಬಿಡಲಿಲ್ಲ, ಮುದುಕಿ ಸಾಯಲಿಲ್ಲ, ಅದೇ ಪವಾಡ ಎಂದು ಸತ್ಯಜಿತ್ ರಾಯ್ ಮುಂದೆ ಹೇಳಿಕೊಂಡರು. ಎಲ್ಲರ ಪಾಲಿಗೂ ಪವಾಡ ಇರುವುದಿಲ್ಲ. ಮುಖ್ಯ ಪಾತ್ರದ ದೃಶ್ಯಗಳನ್ನು ಒಟ್ಟಿಗೇ ಮುಗಿಸಿ.

ಈಗ ನನ್ನ ಕಸುಬಿಗೆ ಬರುತ್ತೇನೆ. ಚಿತ್ರ ಮಸುಕಾದರೆ ಪ್ರೇಕ್ಷಕ ಕ್ಷಮಿಸುತ್ತಾನೆ, ಮಾತು ಕೇಳದಿದ್ದರೆ ಎದ್ದು ಹೋಗುತ್ತಾನೆ. ಇರುವ ರೊಕ್ಕದಲ್ಲಿ ದೊಡ್ಡ ಪಾಲು ಮೈಕು, ರೆಕಾರ್ಡರಿಗೆ ಹೋಗಲಿ. ಆಮೇಲೆ ಡಬ್ ಮಾಡಿದರಾಯಿತು ಎನ್ನುವವರು ರೊಟ್ಟಿ ಬಡಿದ ಆ ಮುದುಕಿಯನ್ನು ಬೆಂಗಳೂರಿನ ಸ್ಟುಡಿಯೋದಲ್ಲಿ ನಿಲ್ಲಿಸಿ ತುಟಿಗೆ ಮಾತು ಕೂಡಿಸಿ ತೋರಿಸಲಿ. ನಮ್ಮ ಭಾಷೆಯ ಎಳೆತ, 'ರೀ' ಎನ್ನುವಲ್ಲಿನ ಮರ್ಯಾದೆ, 'ಲೇ' ಎನ್ನುವಲ್ಲಿನ ಸಲಿಗೆ, ಇವು ಆ ಜಾಗದಲ್ಲಿ, ಆ ಹೊತ್ತಿನಲ್ಲಿ ಹುಟ್ಟುವಂಥವು.

ಜಾಗ ನೋಡಲು ಹೋದಾಗ ಫೋಟೊ ತೆಗೆಯುವ ಮೊದಲು ಕಣ್ಣು ಮುಚ್ಚಿ ಐದು ನಿಮಿಷ ನಿಲ್ಲಿ. ಕುಷ್ಟಗಿ, ಯಲಬುರ್ಗಾದ ಎರೆಹೊಲಗಳಲ್ಲಿ ಈಗ ಗಾಳಿಯಂತ್ರಗಳಿವೆ. ಕಣ್ಣಿಗೆ ಚಂದ, ಆದರೆ ರೆಕ್ಕೆ ತಿರುಗುವ ಸದ್ದು ಮಾತಿನ ಕೆಳಗೆ ಸತತ ಹರಿಯುತ್ತಿರುತ್ತದೆ. ಗುಡಿಯ ಮೈಕು ಎಷ್ಟು ಹೊತ್ತಿಗೆ ಹಚ್ಚುತ್ತಾರೆ, ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ಎಷ್ಟು ಹೊತ್ತಿಗೆ ಬರುತ್ತದೆ, ಕೇಳಿ ಬರೆದುಕೊಳ್ಳಿ. ಮನೆಯೊಳಗೆ ಫ್ಯಾನು, ಫ್ರಿಜ್ಜು ಬಂದ್. ಫ್ರಿಜ್ಜು ಬಂದ್ ಮಾಡಿದವರು ಬೈಕಿನ ಕೀಲಿಯನ್ನು ಅದರೊಳಗೇ ಇಡಿ, ಮರಳಿ ಚಾಲೂ ಮಾಡದೆ ಆ ಮನೆ ಬಿಡಲಾಗದು! ಬರಿಗೋಡೆಯ ಖೋಲಿಯಲ್ಲಿ ದನಿ ಗುಂಯ್ ಎನ್ನುತ್ತದೆ. ಕ್ಯಾಮೆರಾಕ್ಕೆ ಕಾಣದ ಕಡೆ ನಾಲ್ಕು ಕೌದಿ ತೂಗುಹಾಕಿ. ಕೌದಿಗಿಂತ ಒಳ್ಳೆಯ ಸಾಮಾನು ನನಗೆ ಸ್ಟುಡಿಯೋದಲ್ಲೂ ಸಿಕ್ಕಿಲ್ಲ. ದೃಶ್ಯ ಮುಗಿದ ಮೇಲೆ ಎಲ್ಲರನ್ನೂ ಸುಮ್ಮನೆ ನಿಲ್ಲಿಸಿ ಆ ಖೋಲಿಯ ಬರೀ ಸದ್ದನ್ನು ಒಂದು ನಿಮಿಷ ಹಿಡಿದಿಡಿ. ಎಡಿಟಿಂಗಿನಲ್ಲಿ ತೇಪೆ ಹಾಕಲು ಬೇಕಾಗುತ್ತದೆ.

ರೊಕ್ಕ ಕೂಡಿಸುವ ಮಾತು. ನಿರ್ದೇಶಕ ಪವನ್ ಕುಮಾರ್ 'ಲೂಸಿಯಾ' ಸಿನಿಮಾಕ್ಕೆ 110 ಜನರಿಂದ 27 ದಿನದಲ್ಲಿ 51 ಲಕ್ಷ ಎತ್ತಿದ್ದನ್ನು ಎಲ್ಲರೂ ಹೇಳುತ್ತಾರೆ. ಅದಕ್ಕೂ ಮೊದಲು ಅವರು 'ಲೈಫು ಇಷ್ಟೇನೆ' ಮಾಡಿದ್ದರು, ಜನ ಗುರುತಿಸುತ್ತಿದ್ದರು ಎಂಬುದನ್ನು ಹೇಳುವುದಿಲ್ಲ. ಮೊದಲು ಹದಿನೈದು ನಿಮಿಷದ್ದೊಂದು ಮಾಡಿ ತೋರಿಸಿ. 2024ರಲ್ಲಿ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ವಿಭಾಗದಲ್ಲಿ ಮೊದಲ ಬಹುಮಾನ ಪಡೆದ ಚಿದಾನಂದ ನಾಯ್ಕರ ಕನ್ನಡ ಕಿರುಚಿತ್ರ 16 ನಿಮಿಷದ್ದು, ತೆಗೆದದ್ದು ನಾಲ್ಕೇ ದಿನದಲ್ಲಿ. ಆಮೇಲೆ ಜಾತ್ರೆಗೆ ಎತ್ತಿದಂತೆ ಪಟ್ಟಿ ಎತ್ತಿ, ತಪ್ಪೇನಿಲ್ಲ. ಆದರೆ ಅದು ದೇಣಿಗೆಯೋ ಪಾಲೋ ಎಂಬುದನ್ನು ಮೊದಲೇ ಬರೆದುಕೊಳ್ಳಿ. ಸಿನಿಮಾ ಯಾರ ಹೆಸರಿನಲ್ಲಿ, ಹಾರ್ಡ್ ಡಿಸ್ಕ್ ಯಾರ ಮನೆಯಲ್ಲಿ, ಇದೂ ಬಾಂಡ್ ಪೇಪರಿನ ಮೇಲೆ ಬರಲಿ. ಜೀವದ ಗೆಳೆಯರಾದರೆ ಮೊದಲು ಬರಲಿ. ಫೂಟೇಜಿನ ಮೂರು ಪ್ರತಿಗಳಿರಲಿ, ಒಂದು ಬೇರೆ ಊರಿನಲ್ಲಿರಲಿ.

ಕೊನೆಗೆ, ಆಗ ಹೇಳಿದ, ಪ್ರಶಸ್ತಿಗೂ ಥಿಯೇಟರಿಗೂ ನಡುವಿನ ಅಂತರ. ಅದನ್ನು ದಾಟಲು ರೊಕ್ಕ ಬೇಕು. ಕೈಯಲ್ಲಿರುವ ರೊಕ್ಕದ ಕಾಲುಭಾಗವನ್ನು ಚಿತ್ರೀಕರಣದಲ್ಲಿ ಮುಟ್ಟಬೇಡಿ. ಡಾವಿಂಚಿ ರಿಸಾಲ್ವ್ ಎಂಬ ತಂತ್ರಾಂಶ ಪುಕ್ಕಟೆ ಸಿಗುತ್ತದೆ, ಎಡಿಟಿಂಗಿಗೆ ಖರ್ಚಿಲ್ಲ. ಸೌಂಡ್ ಮಿಕ್ಸಿಂಗಿಗೆ, ಸಬ್‌ಟೈಟಲ್ಲಿಗೆ, ಚಿತ್ರೋತ್ಸವಗಳ ಪ್ರವೇಶ ಶುಲ್ಕಕ್ಕೆ, ಸೆನ್ಸಾರಿಗೆ ಬೇಕು. ಯೂಟ್ಯೂಬಿಗೆ ಹಾಕಲು ಸೆನ್ಸಾರ್ ಪತ್ರ ಬೇಡ, ಥಿಯೇಟರಿಗೆ ಬೇಕೇ ಬೇಕು. ಎತ್ತನ್ನೋ ನಾಯಿಯನ್ನೋ ದೃಶ್ಯದಲ್ಲಿ ಬಳಸುವುದಾದರೆ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿಯನ್ನು ಚಿತ್ರೀಕರಣಕ್ಕೆ ಮೊದಲೇ ತರಬೇಕು. ಕಚೇರಿ ಇರುವುದು ಹರಿಯಾಣದ ಬಲ್ಲಭಗಢದಲ್ಲಿ. ಹಳ್ಳಿಯ ಸಿನಿಮಾ, ಎತ್ತು ಬಂದೇ ಬರುತ್ತದೆ, ಅದರ ಕಾಗದ ಮಾತ್ರ ಯಾರಿಗೂ ನೆನಪಾಗುವುದಿಲ್ಲ. ಅಜ್ಜ ಬೀಡಿ ಸೇದಿದರೆ ತಂಬಾಕಿನ ಎಚ್ಚರಿಕೆಯ ಬರಹ, ಜಾಹೀರಾತು ಎರಡೂ ಕಡ್ಡಾಯ. ಕಥೆಗೆ ಬೇಡವಾದರೆ ಅಜ್ಜ ಎಲೆ ಅಡಿಕೆ ಹಾಕಲಿ.

ಊಟದ ನಂತರ ಇದೇ ಮಂಟಪದ ಹಿಂದಿನ ಖೋಲಿಯಲ್ಲಿ ಕೌದಿ ಕಟ್ಟಿ, ಅಂಗಿಯೊಳಗೆ ಮೈಕು ಸಿಗಿಸುವುದನ್ನು ತೋರಿಸುತ್ತೇನೆ. ಪಾಲಿಸ್ಟರ್ ಅಂಗಿ ತೊಟ್ಟವರೊಬ್ಬರು, ಇಳಕಲ್ ಸೀರೆ ಉಟ್ಟವರೊಬ್ಬರು ಬೇಕು, ಎರಡರ ಸರಸರ ಸದ್ದು ಬೇರೆ ಬೇರೆ. ಎಲ್ಲರೂ ಇಯರ್‌ಫೋನ್ ತರ್ರಿ.