ಹಿತ್ತಿಲಿಗೆ ಬರುವ ಹಕ್ಕಿಗಳು



ಹಕ್ಕಿಗಳನ್ನು ಮನೆಯ ಬಳಿಗೆ ಕರೆಯಬೇಕೆಂದಾಗ ಜನರಿಗೆ ಮೊದಲು ನೆನಪಾಗುವುದು ಒಂದು ಹಿಡಿ ಅಕ್ಕಿ. ಭಾವನೆ ಒಳ್ಳೆಯದೇ, ಆದರೆ ಅಷ್ಟೇ ಸಾಲದು. ಸುಳ್ಯದ ಅಡಿಕೆ ತೋಟಗಳ ನಡುವಣ ಮನೆಗಳಿಗೆ ಬರುವ ಹಕ್ಕಿಗಳಲ್ಲಿ ಅನೇಕವು ಅಕ್ಕಿಯನ್ನು ಮುಟ್ಟುವುದೇ ಇಲ್ಲ. ಸೂರಕ್ಕಿಗೆ ದಾಸವಾಳದ, ಬಾಳೆಹೂವಿನ ಮಕರಂದ ಬೇಕು. ಪಿಕಳಾರಕ್ಕೆ ಕೇಪಳದ ಹಣ್ಣು, ಕುಟ್ರುಹಕ್ಕಿಗೆ ಅತ್ತಿ, ಗೋಳಿಗಳ ಹಣ್ಣು, ಮಡಿವಾಳ ಹಕ್ಕಿಗೆ ತರಗೆಲೆಯಡಿಯ ಹುಳು ಬೇಕು. ಕಾಳು ತಿನ್ನುವ ಗುಬ್ಬಚ್ಚಿ, ಗೀಜಗಗಳೂ ಮರಿಗಳಿಗೆ ಗುಟುಕು ಕೊಡುವುದು ಹುಳುಗಳನ್ನೇ. ಹುಳುವೊಂದೂ ಉಳಿಯಬಾರದೆಂದು ವಿಷ ಸಿಂಪಡಿಸಿದ ಹಿತ್ತಿಲಿನಲ್ಲಿ ಎಷ್ಟು ಅಕ್ಕಿ ಚೆಲ್ಲಿದರೂ ಆ ಮರಿಗಳು ಬದುಕಲಾರವು.

ಆದುದರಿಂದ ಗೃಹಸ್ಥನು ಇರುವುದನ್ನು ಮೊದಲು ಉಳಿಸಬೇಕು. ಹಸಿರು ಬೇಲಿ ಕಡಿದು ಗೋಡೆ ಕಟ್ಟುವುದು ಅನಿವಾರ್ಯವಾದರೆ, ಅದರ ಒಳಬದಿಯಲ್ಲಿ ದಾಸವಾಳ, ಕೇಪಳಗಳ ಸಾಲಿರಲಿ. ತುದಿ ಮುರಿದ ತೆಂಗು ಅಪಾಯವಿಲ್ಲದ ಕಡೆ ನಿಂತಿದ್ದರೆ ಅದನ್ನು ಕಡಿಯದಿರಲಿ. ಅದರ ಪೊಟರೆಯಲ್ಲಿ ಗಿಳಿ, ಗೊರವಂಕಗಳು ಸಂಸಾರ ಹೂಡುತ್ತವೆ. ಅದೇ ಗಿಳಿಯನ್ನು ಹಿಡಿದು ಪಂಜರದಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ.

ಮಳೆಗಾಲದಲ್ಲಿ ಪಯಸ್ವಿನಿ ತುಂಬಿ ಹರಿಯುವ ಈ ಸೀಮೆಯಲ್ಲಿಯೂ ಬೇಸಿಗೆಯಲ್ಲಿ ಸಣ್ಣ ತೋಡುಗಳು ಬತ್ತುತ್ತವೆ. ಆಗ ಎರಡು ಅಂಗುಲ ಆಳದ ಮಣ್ಣಿನ ತಟ್ಟೆಯಲ್ಲಿ ನೀರಿಡಬೇಕು. ಸೊಳ್ಳೆ ಹುಟ್ಟದಂತೆ ಅದನ್ನು ದಿನವೂ ಬದಲಿಸಬೇಕು. ಬೆಕ್ಕು ಹೊಂಚುಹಾಕಲು ಮರೆಯಿಲ್ಲದ ಜಾಗದಲ್ಲಿಯೇ ತಟ್ಟೆ ಇರಬೇಕು.

ಇವುಗಳಿಗೆ ಹಣದ ವೆಚ್ಚ ಹೆಚ್ಚಿಲ್ಲ. ಹಿತ್ತಿಲಿನ ಒಂದು ಮೂಲೆಯನ್ನು ಗುಡಿಸದೆ, ಕಡಿಯದೆ, ವಿಷ ಹಾಕದೆ ಬಿಟ್ಟುಕೊಡುವವನ ಮನೆಗೆ ಹಕ್ಕಿಗಳು ಕರೆಯದೆಯೇ ಬರುತ್ತವೆ.