ಸೊಕ್ಕಲ್ಲ, ಸಂಕಟ
(ಗಿರಣಿ ಕೆಲಸಗಾರರ ಹಾಗೂ ಸಣ್ಣ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



ಕೂಲಿ, ಬೋನಸ್ಸು, ತೆರಿಗೆ ಇವುಗಳ ಬಗ್ಗೆ ನಾವು ಎಷ್ಟೋ ಸಭೆ ಸೇರಿದ್ದೇವೆ. ಹದಿನಾಲ್ಕು ಹದಿನೈದು ವರ್ಷದ ನಮ್ಮ ಮಕ್ಕಳ ಮನಸ್ಸಿನ ಬಗ್ಗೆ ಸೇರಿದ್ದು ಕಡಿಮೆ. ರಾತ್ರಿ ಪಾಳಿ ಮುಗಿಸಿ ತಂದೆ ಮನೆಗೆ ಬರುವಾಗ ಮಗಳು ಶಾಲೆಗೆ ಹೊರಟಿರುತ್ತಾಳೆ. ಅಂಗಡಿಯ ಬಾಗಿಲು ಹಾಕಿ ಬರುವ ಹೊತ್ತಿಗೆ ಮಗ ಮಲಗಿರುತ್ತಾನೆ. ಮಕ್ಕಳ ಮುಖ ನೋಡಿ ಮಾತನಾಡಲು ಬಿಡುವಿಲ್ಲದ ಬಾಳು ನಮ್ಮದು.

ಇಂಥ ಬಾಳಿನಲ್ಲಿ ನಮ್ಮ ಕಣ್ಣಿಗೆ ಬೀಳುವುದೇನು? ಹುಡುಗ ಸಿಡುಕುತ್ತಾನೆ, ಪುಸ್ತಕ ಮುಟ್ಟುವುದಿಲ್ಲ. ಹುಡುಗಿ ಸರಿಯಾಗಿ ಉಣ್ಣುವುದಿಲ್ಲ, ಪದೇ ಪದೇ ತಲೆನೋವು ಎನ್ನುತ್ತಾಳೆ. ಸೊಕ್ಕು, ಸೋಮಾರಿತನ ಎಂದು ನಾವು ತೀರ್ಪು ಕೊಟ್ಟುಬಿಡುತ್ತೇವೆ. ಒಂದೆರಡು ದಿನದ ಮುನಿಸು ಆ ವಯಸ್ಸಿಗೆ ಸಹಜ. ಆದರೆ ಎರಡು ವಾರ ಕಳೆದರೂ ನಿದ್ರೆ, ಊಟ, ಓದು, ಗೆಳೆತನ ಕೆಟ್ಟೇ ಇದ್ದರೆ ಅದು ಸೊಕ್ಕಲ್ಲ, ಸಂಕಟ. 2015-16ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಮುಂದಾಳುತನದಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆಯಲ್ಲಿ, 13ರಿಂದ 17 ವಯಸ್ಸಿನ ಮಕ್ಕಳ ಪೈಕಿ ಶೇಕಡಾ 7.3 ಮಂದಿಗೆ ಮಾನಸಿಕ ತೊಂದರೆ ಇರುವುದು ಕಂಡುಬಂದಿತು. ಐವತ್ತು ಮಕ್ಕಳ ತರಗತಿಗೆ ಮೂರು ನಾಲ್ಕು ಮಂದಿ ಎಂದಾಯಿತು. ಅವರಲ್ಲಿ ನಮ್ಮ ಮಗುವೂ ಇರಬಹುದು.

ನಾವು ಮಾಡಬೇಕಾದದ್ದೇನು? ಮೊದಲು, ಕೇಳಬೇಕು. ವಾರದ ರಜೆಯ ದಿನ ಅರ್ಧ ಗಂಟೆ ಮಗುವಿನ ಜೊತೆ ಕುಳಿತು, ಬುದ್ಧಿ ಹೇಳದೆ, ಅದರ ಮಾತನ್ನು ಪೂರ್ತಿ ಕೇಳಬೇಕು. ಎರಡನೆಯದು, ನಮ್ಮ ಹೊರೆಯನ್ನು ಅವರ ತಲೆಯ ಮೇಲೆ ಹೊರಿಸಬಾರದು. “ನಿನ್ನ ಓದಿಗೆಂದೇ ಸಾಲ ಮಾಡಿದ್ದೇವೆ” ಎಂದು ದಿನವೂ ಹೇಳಿದರೆ ಮಗುವಿಗೆ ಪರೀಕ್ಷೆ ಎಂಬುದು ಸಾಲದ ಕಂತಾಗುತ್ತದೆ. ಎಸ್ಸೆಸ್ಸೆಲ್ಸಿಯಲ್ಲಿ ಫೇಲಾದವರು ಅದೇ ವರ್ಷ ಮತ್ತೆ ಪರೀಕ್ಷೆಗೆ ಕೂರಬಹುದು. ಫಲಿತಾಂಶ ಬರುವ ಮೊದಲೇ ಇದನ್ನು ಅವರಿಗೆ ಹೇಳಿರಿ. ಮೂರನೆಯದು, ಈ ವಯಸ್ಸಿಗೆ ಎಂಟರಿಂದ ಹತ್ತು ಗಂಟೆ ನಿದ್ರೆ ಬೇಕು. ನಿದ್ರೆಗೆಟ್ಟು ಓದಿದ್ದು ತಲೆಯಲ್ಲಿ ನಿಲ್ಲುವುದಿಲ್ಲ.

“ಬದುಕೇ ಬೇಡ” ಎಂದು ಮಗು ಅಂದರೆ ನಾಟಕವೆಂದು ತಳ್ಳಬೇಡಿರಿ. “ಸಾಯುವ ಯೋಚನೆ ಬರುತ್ತಿದೆಯೇ?” ಎಂದು ನೇರವಾಗಿ ಕೇಳಿರಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಎದೆಯ ಭಾರ ಇಳಿಯುತ್ತದೆ. ಮಗುವನ್ನು ಒಂಟಿಯಾಗಿ ಬಿಡಬೇಡಿರಿ. ಮನೆಯಲ್ಲಿರುವ ಕ್ರಿಮಿನಾಶಕ, ಮಾತ್ರೆಗಳನ್ನು ಬೀಗ ಹಾಕಿಡಿರಿ. ಕೂಡಲೇ ವೈದ್ಯರ ಬಳಿಗೆ ಕರೆದೊಯ್ಯಿರಿ. 2022ರ ಅಕ್ಟೋಬರಿನಲ್ಲಿ ಆರಂಭವಾದ ಸರ್ಕಾರಿ ದೂರವಾಣಿ ಸೇವೆ ಟೆಲಿ ಮಾನಸ್‌ನ ಸಂಖ್ಯೆ 14416. ಹಗಲು ರಾತ್ರಿ ಎನ್ನದೆ ಕನ್ನಡದಲ್ಲೇ ಮಾತನಾಡಬಹುದು. ಕಾಸಿನ ಖರ್ಚಿಲ್ಲ.

ಮನಸ್ಸಿನ ಚಿಕಿತ್ಸೆ ಹಣವಂತರ ಸೊತ್ತೆಂದು ಯಾರೂ ತಿಳಿಯಬೇಕಾಗಿಲ್ಲ. ಊರಿನ ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯರೂ ಅದನ್ನು ನೀಡಬಲ್ಲರೆಂದು 1980ರ ದಶಕದಲ್ಲಿ ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ ತೋರಿಸಿಕೊಟ್ಟರು. ಆ ಮಾದರಿಯ ಮೇಲೆಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದಲ್ಲಿ ಆರಂಭವಾಯಿತು. ಸರ್ಕಾರದ ಕಡೆಯಿಂದ ಈ ಚಿಕಿತ್ಸೆ ಪಡೆಯುವುದು ಹಕ್ಕೆಂದು 2017ರ ಮಾನಸಿಕ ಆರೋಗ್ಯ ಕಾಯಿದೆ ಹೇಳುತ್ತದೆ. ಹಕ್ಕು ಕಾಗದದಲ್ಲಿದ್ದರೆ ಸಾಲದು. ನಮ್ಮ ಶಾಲೆಗಳಿಗೆ ಆಪ್ತಸಲಹೆಗಾರರು ಬೇಕು, ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರೂ ಔಷಧವೂ ಸಿಗಬೇಕು ಎಂದು ಕಾರ್ಮಿಕ ಸಂಘವೂ ವರ್ತಕರ ಸಂಘವೂ ಕೂಡಿ ಒತ್ತಾಯಿಸಬೇಕು.

ಆ ಕೆಲಸ ನಾಳೆಯಿಂದ ಆಗಲಿ. ಇಂದು ಮನೆಗೆ ಹೋದಾಗ ಮಗು ಎಚ್ಚರವಾಗಿದ್ದರೆ ಅಂಕ ಎಷ್ಟೆಂದು ಕೇಳಬೇಡಿರಿ. ಹೇಗಿದ್ದೀಯಪ್ಪಾ, ಹೇಗಿದ್ದೀಯಮ್ಮಾ ಎಂದು ಕೇಳಿರಿ.