ಮೊದಲ ನೌಕರಿಯ ಬಯೋಡಾಟಾ

(ಕುಂದಗೋಳ ತಾಲ್ಲೂಕಿನ ಯರಗುಪ್ಪಿಯಲ್ಲಿ, ಓದು ಮುಗಿಸಿ ನೌಕರಿ ಹುಡುಕುತ್ತಿರುವ ಯುವಕ ಯುವತಿಯರ ಮುಂದೆ ನಮ್ಮ ವರದಿಗಾರರು ಆಡಿದ ಮಾತಿನ ಬರಹರೂಪ)



ನನ್ನ ಮೊದಲ ಬಯೋಡಾಟಾದಲ್ಲಿ ನನ್ನ ತಂದೆಯ ಹೆಸರೇ ಇರಲಿಲ್ಲ. ಡಿಪ್ಲೊಮಾ ಮುಗಿಸಿದ ಹೊಸತು. ಗೆಳೆಯನ ಬಯೋಡಾಟಾವನ್ನು ಝೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ತೆರೆಸಿ, ಹೆಸರು, ವಿಳಾಸ, ಅಂಕಗಳನ್ನು ಬದಲಿಸಿದೆ. ಅವನ ಅಪ್ಪನ ಹೆಸರು ಹಾಗೇ ಉಳಿದುಬಿಟ್ಟಿತು. ಅದನ್ನು ಹಿಡಿದು ಒಂದು ಪತ್ರಿಕೆಯ ಕಚೇರಿಗೆ ಹೋದೆ. ಸಂಪಾದಕರು ಅಪ್ಪನ ಹೆಸರು ಕೇಳಿದರು. ನಾನು ಹೇಳಿದೆ. ಅವರು ಹಾಳೆ ನೋಡಿ ನಕ್ಕರು. ಆಮೇಲೆ, 'ಇದಿರ್ಲಿ, ಸೂಟಿಯೊಳಗ ಊರಾಗ ಏನ್ ಮಾಡ್ತಿದ್ದಿ?' ಎಂದರು.

'ಹಾಲಿನ ಡೇರಿಯೊಳಗ ಲೆಕ್ಕ ಬರೀತಿದ್ದೆ ಸರ.'

'ಎಷ್ಟ್ ಮನಿದು?'

'ಎಂಬತ್ತು.'

'ಮತ್ತ ಇದನ್ಯಾಕ ಬರೀಲಿಲ್ಲೋ ತಮ್ಮಾ?'

ಆ ಪ್ರಶ್ನೆಯನ್ನು ನಿಮಗೂ ಕೇಳೋಣವೆಂದೇ ಇಲ್ಲಿಗೆ ಬಂದಿದ್ದೇನೆ.

ಯಾಕೆ ಬರೆಯುವುದಿಲ್ಲ? ನಮ್ಮ ಕಡೆ ಬಯೋಡಾಟಾ ಎಂದರೆ ಮೊದಲು ನೆನಪಾಗುವುದು ಮದುವೆ. ಎತ್ತರ, ಬಣ್ಣ, ಸೋದರಮಾವನ ಊರು, ಹೊಲ ಎಷ್ಟು ಎಕರೆ. ಅದೇ ರೂಢಿ ನೌಕರಿಯ ಹಾಳೆಗೂ ದಾಟಿದೆ. ಜಾತಿ, ಧರ್ಮ, ವಿವಾಹಿತನೋ ಅವಿವಾಹಿತನೋ ಎಲ್ಲ ಇರುತ್ತದೆ. ಕೈಗೆ ಏನು ಕೆಲಸ ಬರುತ್ತದೆ ಎಂಬುದೊಂದೇ ಇರುವುದಿಲ್ಲ.

ನಮ್ಮ ಮುತ್ತಜ್ಜಂದಿರಿಗೆ ಈ ತಾಪತ್ರಯ ಕಡಿಮೆ ಇತ್ತು. 1956ರವರೆಗೆ ಧಾರವಾಡ ಜಿಲ್ಲೆ ಮುಂಬಯಿ ಆಡಳಿತದಲ್ಲಿತ್ತು. (ಕುಂದಗೋಳ ಜಮಖಂಡಿ ಸಂಸ್ಥಾನದಲ್ಲಿತ್ತು, ಆ ಕಥೆ ಬೇರೆ.) ಆ ಕಾಲದಲ್ಲಿ ಕನ್ನಡ ಏಳನೆಯ ಇಯತ್ತೆಗೆ ಮುಲ್ಕಿ ಪರೀಕ್ಷೆ ಇತ್ತು. ಮುಲ್ಕಿ ಪಾಸಾದವನಿಗೆ ಕನ್ನಡ ಶಾಲೆಯ ಮಾಸ್ತರಿಕೆಯೋ ತಲಾಠಿ ಕೆಲಸವೋ ಸಿಗುವ ದಾರಿ ಇತ್ತು. ಓದಿದವರೇ ವಿರಳವಾದ್ದರಿಂದ ಆ ಒಂದು ಕಾಗದ ಸಾಕಾಗುತ್ತಿತ್ತು. ಈಗ ಡಿಗ್ರಿ ಎಲ್ಲರ ಹತ್ತಿರವೂ ಇದೆ. ಅಂಕಪಟ್ಟಿ ಹೇಳದೇ ಇದ್ದದ್ದನ್ನು ನಿಮ್ಮ ಹಾಳೆಯೇ ಹೇಳಬೇಕು.

ಜಗತ್ತಿನ ಮೊದಲ ಬಯೋಡಾಟಾ ಎಂದು ಹಲವರು ತೋರಿಸುವುದು 1482ರ ಸುಮಾರಿನ ಒಂದು ಪತ್ರವನ್ನು. ಬರೆದವನು ಇಟಲಿಯ ಲಿಯೊನಾರ್ಡೊ ಡಾ ವಿಂಚಿ, ವಯಸ್ಸು ಮೂವತ್ತರ ಆಸುಪಾಸು. ಮಿಲಾನಿನ ದೊರೆ ಲುಡೊವಿಕೊ ಸ್ಫೋರ್ಜಾನಿಗೆ ಬರೆದದ್ದು. ಮುಂದೆ ಮೊನಾಲಿಸಾ ಬರೆದ ಈ ಮನುಷ್ಯ ತಾನು ಚಿತ್ರಕಾರ ಎಂದು ಶುರು ಮಾಡಲಿಲ್ಲ. ಹೊತ್ತೊಯ್ಯಬಹುದಾದ ಹಗುರ ಸೇತುವೆ ಕಟ್ಟಬಲ್ಲೆ, ಕೋಟೆಯ ಕಂದಕದ ನೀರು ತೆಗೆಯಬಲ್ಲೆ, ತೋಪು ಮಾಡಬಲ್ಲೆ ಎಂದು ಒಂದೊಂದಾಗಿ ಬರೆದ. ದೊರೆಗೆ ಯುದ್ಧದ ಚಿಂತೆ ಎಂಬುದು ಅವನಿಗೆ ಗೊತ್ತಿತ್ತು. ಚಿತ್ರಕಲೆಯ ಮಾತು ಬಂದದ್ದು ಕೊನೆಯಲ್ಲಿ. ಸಂಶಯವಿದ್ದರೆ ಮಾಡಿ ತೋರಿಸುತ್ತೇನೆ ಎಂದೂ ಸೇರಿಸಿದ. ಹೇಳಿದ್ದನ್ನೆಲ್ಲ ಆತ ಅಷ್ಟರಲ್ಲಿ ಮಾಡಿದ್ದನೇ ಎಂಬುದು ನನಗೆ ಅನುಮಾನ. ಅದೊಂದನ್ನು ನೀವು ಅನುಸರಿಸಬೇಡಿ.

ನಮ್ಮ ಮಗ್ಗುಲ ಹುಬ್ಬಳ್ಳಿಯದೇ ಇನ್ನೊಂದು ಕಥೆ ಇದೆ. ಸುಧಾ ಮೂರ್ತಿಯವರು ಬಿ.ವಿ. ಭೂಮರಡ್ಡಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಹೋದವರು. 1974ರಲ್ಲಿ ಟೆಲ್ಕೊ ಕಂಪನಿಯ ಜಾಹೀರಾತು ಕಂಡರು. ಮಹಿಳೆಯರು ಅರ್ಜಿ ಹಾಕಬೇಕಿಲ್ಲ ಎಂದು ಅದರಲ್ಲಿತ್ತು. ಅವರು ಜೆ.ಆರ್.ಡಿ. ಟಾಟಾ ಅವರಿಗೇ ಒಂದು ಪೋಸ್ಟ್ ಕಾರ್ಡ್ ಬರೆದು ಇದು ತಪ್ಪು ಎಂದರು. ಪುಣೆಗೆ ಸಂದರ್ಶನಕ್ಕೆ ಕರೆ ಬಂತು. ಟೆಲ್ಕೊದ ಮೊದಲ ಮಹಿಳಾ ಎಂಜಿನಿಯರ್ ಆದರು. ಕಾರ್ಡು ಬಾಗಿಲು ತೆರೆಯಿತು ನಿಜ, ಒಳಗೆ ಹೋದ ಮೇಲೆ ತಾಂತ್ರಿಕ ಪ್ರಶ್ನೆಗಳಿಗೆ ಉತ್ತರ ಕೊಟ್ಟದ್ದು ಅವರ ಓದು. ಆ ಕಾರ್ಡಿನಲ್ಲಿ ಬೇರೆಯವರಿಂದ ನಕಲು ಮಾಡಿದ ಮಾತು ಒಂದೂ ಇರಲಿಲ್ಲ ಎಂಬುದನ್ನು ಗಮನಿಸಿ.

ಈಗ ನಿಮ್ಮ ಹಾಳೆಗೆ ಬರೋಣ. ಒಂದೇ ಪುಟ ಸಾಕು. ಹೆಸರು, ಊರು, ಕರೆ ಮಾಡಿದರೆ ಎತ್ತುವ ಫೋನ್ ನಂಬರು. 'ಪ್ರಾಮಾಣಿಕ, ಕಷ್ಟಸಹಿಷ್ಣು' ಎಂದು ಬರೆಯಬೇಡಿ, ಎಲ್ಲರೂ ಬರೆಯುತ್ತಾರೆ. ಮೆಣಸಿನಕಾಯಿ ಹಂಗಾಮಿನಲ್ಲಿ ಬ್ಯಾಡಗಿ ಪೇಟೆಗೆ ಚೀಲ ಒಯ್ದು, ತೂಕದ ಪಟ್ಟಿ ತಾಳೆ ನೋಡಿ, ಹಣ ಎಣಿಸಿಕೊಂಡು ಬಂದಿದ್ದರೆ ಅದನ್ನು ಎಷ್ಟು ಹಂಗಾಮು, ಎಷ್ಟು ಚೀಲ ಎಂದು ಬರೆಯಿರಿ. ಅವ್ವನ ಸ್ವಸಹಾಯ ಸಂಘದ ಠರಾವು, ಉಳಿತಾಯದ ಲೆಕ್ಕ ಬರೆದ ತಂಗಿಯರು ಇಲ್ಲಿ ಖಂಡಿತ ಇದ್ದೀರಿ. ಅದೂ ಕೆಲಸವೇ. ಅಪ್ಪನಿಗೆ ಆರಾಮಿಲ್ಲದೆ ಒಂದು ವರ್ಷ ಓದು ನಿಂತಿದ್ದರೆ ಮುಚ್ಚಿಡಬೇಡಿ. 'ಆ ವರ್ಷ ಹೊಲ ನೋಡಿಕೊಂಡೆ' ಎಂಬ ಒಂದು ಸಾಲು ಸಾಕು. ಇಂಗ್ಲಿಷ್ ಬೇಕೆಂದವರಿಗೆ ನಿಮಗೆ ಬರುವಷ್ಟು ಇಂಗ್ಲಿಷಿನಲ್ಲಿಯೇ ಬರೆಯಿರಿ. ಅರ್ಥ ಗೊತ್ತಿಲ್ಲದ ಪದ ಸಂದರ್ಶನದಲ್ಲಿ ಕೈಕೊಡುತ್ತದೆ.

ಸರ್ಕಾರಿ ಅರ್ಜಿಯ ರೀತಿ ಬೇರೆ. ಅವರು ಕೇಳಿದ ಕಾಲಂ ತುಂಬಬೇಕು, ಅಷ್ಟೆ. ಒಂದರಿಂದ ಹತ್ತನೆಯ ತರಗತಿಯವರೆಗೆ ಹಳ್ಳಿ ಶಾಲೆಯಲ್ಲಿ ಓದಿದವರಿಗೆ 2000ದ ಕಾಯ್ದೆಯಂತೆ ರಾಜ್ಯದ ನೇರ ನೇಮಕಾತಿಯಲ್ಲಿ ಶೇಕಡಾ 25 ಮೀಸಲಾತಿ ಇದೆ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡಾ 5. ಈ ಪ್ರಮಾಣಪತ್ರಗಳನ್ನು ಅರ್ಜಿಯ ಕೊನೆಯ ದಿನಕ್ಕೆ ಮೊದಲೇ ಮಾಡಿಸಿಟ್ಟುಕೊಳ್ಳಿ.

ಮಾತು ಸಾಕು, ಹಾಳೆ ಹಂಚುತ್ತೇವೆ. ಎರಡನೆಯ ಸಾಲಿನ ಆ ತಂಗಿ, ಅಕ್ಕನ ಸಂಘದ ಪುಸ್ತಕ ಬರೆಯುತ್ತೇನೆ ಎಂದು ಆಗ ಹೇಳಿದೆಯಲ್ಲವ್ವಾ, ಎಷ್ಟು ಮಂದಿ ಸದಸ್ಯರು? ಅಲ್ಲಿಂದಲೇ ಶುರು ಮಾಡು.